ಒಟಿಪಿ ಹೇಳಿದ ಹುಡುಗ

ನಿನ್ನೆ ಸಂಜೆ ತಿಪಟೂರಿನ ಸೈಬರ್ ಸೆಂಟರ್ ಒಂದರಲ್ಲಿ ಎರಡು ಪುಟ ಜೆರಾಕ್ಸ್ ಮಾಡಿಸಲು ಒಂದು ಗಂಟೆ ಕಾದೆ. ಕಾರಣ, ಸಿಇಟಿಯ ಆಪ್ಷನ್ ಎಂಟ್ರಿ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಒಂದರ ಕೆಳಗೊಂದು ತುಂಬುವ ಕೆಲಸ. ಕುರ್ಚಿಯಲ್ಲಿ ತಂದೆ, ಕಂಪ್ಯೂಟರ್ ಮುಂದೆ ಅಂಗಡಿಯ ಹುಡುಗ, ಅವರಿಬ್ಬರ ಹಿಂದೆ ಅಂಕಪಟ್ಟಿಯ ಫೈಲನ್ನು ಎದೆಗವಚಿಕೊಂಡು ನಿಂತ ಮಗ. "ಮೊದಲು ಎಲ್ಲ ಕಾಲೇಜಿಗೂ ಕಂಪ್ಯೂಟರ್ ಸೈನ್ಸ್ ಹಾಕಪ್ಪ, ಆಮೇಲೆ ಇನ್ಫರ್ಮೇಷನ್ ಸೈನ್ಸ್, ಆಮೇಲೆ ಅದೇನೋ ಎಐ ಅಂತಾರಲ್ಲ, ಅದು" ಎಂದು ತಂದೆ ಹೇಳುತ್ತಾ ಹೋದರು. "ಸಿವಿಲ್ ಹಾಕ್ಲಾ ಅಣ್ಣ?" ಎಂದು ಅಂಗಡಿಯವನು ಕೇಳಿದ್ದಕ್ಕೆ, "ಹಾಕಿರು, ಖಾಲಿ ಯಾಕೆ ಬಿಡೋದು" ಎಂಬ ಉತ್ತರ ಬಂತು. ಆ ಒಂದು ಗಂಟೆಯಲ್ಲಿ ಮಗ ಬಾಯಿ ತೆರೆದದ್ದು ಒಂದೇ ಸಲ. ತನ್ನ ಮೊಬೈಲಿಗೆ ಬಂದ ಒಟಿಪಿ ಹೇಳಲು.

ನನ್ನ ಕಥೆಯೂ ಬೇರೆಯೇನಲ್ಲ. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿ, ಒಂದು ದಿನವೂ ಆ ಕೆಲಸ ಮಾಡದೆ, ಬ್ಯಾಂಕ್ ಪರೀಕ್ಷೆ ಬರೆದು ಈ ಮೇಜಿಗೆ ಬಂದವಳು ನಾನು. ಶಿಕ್ಷಣ ಸಾಲದ ಕಡತಗಳು ಬರುವುದೂ ಇದೇ ಮೇಜಿಗೆ ಎಂಬುದನ್ನು ವಿಧಿಯ ವ್ಯಂಗ್ಯ ಎನ್ನಬೇಕೋ, ಆಡಳಿತ ಕಚೇರಿಯ ವರ್ಗಾವಣೆ ನೀತಿ ಎನ್ನಬೇಕೋ ತಿಳಿಯದು. ಸಾಲ ಕೇಳಲು ಬಂದವರಲ್ಲೂ ನಾನು ಕಾಣುವುದು ಇದೇ ದೃಶ್ಯ: ಮಾತನಾಡುವುದು ತಂದೆ, ತೋರಿಸಿದ ಜಾಗದಲ್ಲಿ ಸಹಿ ಹಾಕುವುದು ಮಗ. ಏಳೂವರೆ ಲಕ್ಷ ದಾಟಿದರೆ ಸಾಮಾನ್ಯವಾಗಿ ಆಸ್ತಿಯನ್ನು ಭದ್ರತೆಯಾಗಿ ಕೊಡಬೇಕು, ಓದು ಮುಗಿದ ಒಂದು ವರ್ಷಕ್ಕೆ ಕಂತು ಶುರುವಾಗುತ್ತದೆ, ಕಂತು 90 ದಿನ ತಪ್ಪಿದರೆ ಖಾತೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆ ಪಟ್ಟಿಗೆ ಸೇರಿದ ಮೇಲೆ ನೋಟಿಸು ಹೋಗುವುದು ಮಾತ್ರ ಮಗನ ಹೆಸರಿಗೂ. ಆಗ ಅವನ ಅಭಿಪ್ರಾಯ ಎಲ್ಲರಿಗೂ ಬೇಕಾಗುತ್ತದೆ.

ಇಂಜಿನಿಯರಿಂಗ್ ಬೇಡವೆಂದು ನಾನು ಹೇಳುತ್ತಿಲ್ಲ. "ಯಾವ ಬ್ರಾಂಚು?" ಎಂದು ಇಡೀ ಊರು ಕೇಳುವಾಗ "ನಿನಗೆ ಇದು ಬೇಕೇನಪ್ಪಾ?" ಎಂದು ಒಬ್ಬರೂ ಕೇಳುವುದಿಲ್ಲವಲ್ಲ ಎಂಬುದಷ್ಟೇ ನನ್ನ ತಕರಾರು. ಟ್ರ್ಯಾಕ್ಟರ್ ಕೊಳ್ಳುವ ಮುಂಚೆ ನಾಲ್ಕು ಊರು ಸುತ್ತಿ, ಇಟ್ಟುಕೊಂಡವರನ್ನು ಮಾತನಾಡಿಸಿ, ಓಡಿಸಿ ನೋಡಿ ಬರುವ ನಮ್ಮ ಜನ, ಮಗನ ನಾಲ್ಕು ವರ್ಷಕ್ಕೆ ಒಂದು ಪಠ್ಯಕ್ರಮವನ್ನೂ ತೆರೆದು ನೋಡುವುದಿಲ್ಲ. ವಿಟಿಯು ಎಂಬ ನಮ್ಮ ತಾಂತ್ರಿಕ ವಿಶ್ವವಿದ್ಯಾಲಯದ ಪ್ರತಿ ಸೆಮಿಸ್ಟರಿನ ಪಠ್ಯಕ್ರಮ ಅದರ ಜಾಲತಾಣದಲ್ಲೇ ಬಿದ್ದಿದೆ, ಕಾಸು ಕೊಡಬೇಕಿಲ್ಲ. ತೆರೆದರೆ, ಯಾವ ಬ್ರಾಂಚಾದರೂ ಮೊದಲ ವರ್ಷ ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಪಿಯುಸಿಯ ವಿಷಯಗಳೇ ಇನ್ನಷ್ಟು ಗಟ್ಟಿಯಾಗಿ ಎದುರಾಗುತ್ತವೆ ಎಂಬುದೂ, ಪಿಯುಸಿಯಲ್ಲಿ ಹೇಗೋ ದಾಟಿದ ಗಣಿತ ಅಲ್ಲಿ ಬೆನ್ನು ಬಿಡುವುದಿಲ್ಲ ಎಂಬುದೂ ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಚಿಕ್ಕಂದಿನಲ್ಲಿ ರೇಡಿಯೋ ಬಿಚ್ಚಿದವನೆಲ್ಲ ಇಂಜಿನಿಯರ್ ಆಗುತ್ತಾನೆಂಬುದು ನೆಂಟರು ಕಟ್ಟಿದ ಪುರಾಣ. ನಾನೂ ಬಿಚ್ಚಿದ್ದೆ, ಜೋಡಿಸಿದ್ದು ರಿಪೇರಿ ಅಂಗಡಿಯವನು. ಉತ್ತರ ಹಿಂದಿನ ಪುಟದಲ್ಲಿದೆ ಎಂದು ಗೊತ್ತಿದ್ದರೂ ಅದನ್ನು ತಿರುಗಿಸದೆ, ಬಗೆಹರಿಯದ ಒಂದು ಲೆಕ್ಕದ ಮುಂದೆ ಎರಡು ಗಂಟೆ ಸಿಟ್ಟಿಲ್ಲದೆ ಕೂರಬಲ್ಲೆಯಾ ಎಂದು ಹುಡುಗನನ್ನೇ ಕೇಳಿದರೆ ಅದಕ್ಕಿಂತ ಒಳ್ಳೆಯ ಸುಳಿವು ಸಿಕ್ಕೀತು. ಆದರೆ ಕೇಳಬೇಕಲ್ಲ.

ನಿನ್ನೆಯ ಪರದೆಯ ಮೇಲೆ ನನ್ನ ಕಣ್ಣಿಗೆ ಬಿದ್ದ ಇನ್ನೊಂದು ಸಂಗತಿಯಿದೆ. (ಇಣುಕಿದ್ದು ತಪ್ಪು, ಒಪ್ಪಿದೆ.) ಹುಡುಗ ಜೀವಶಾಸ್ತ್ರವನ್ನೂ ಬರೆದಿದ್ದ, ಇಂಜಿನಿಯರಿಂಗ್ ರ‍್ಯಾಂಕಿನ ಹತ್ತಿರದಲ್ಲೇ ಕೃಷಿ ಬಿ.ಎಸ್ಸಿ.ಯ ರ‍್ಯಾಂಕೂ ಇತ್ತು, ಅದು ಇದಕ್ಕಿಂತ ಬಹಳ ಚೆನ್ನಾಗಿತ್ತು. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಕೋಟಾವಿದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ನಡೆಯುತ್ತದೆ. ತಂದೆ ನಡುನಡುವೆ ಅಂಗಡಿಯವನೊಂದಿಗೆ ಮಾತನಾಡುತ್ತಿದ್ದದ್ದು ಕೊಬ್ಬರಿ ದರ ಮತ್ತು ತೆಂಗಿನ ನುಸಿಪೀಡೆಯ ಬಗ್ಗೆ. ಹುಡುಗ ಅದನ್ನು ಗಮನವಿಟ್ಟು ಕೇಳುತ್ತಿದ್ದ. ಅವನಿಗೆ ಕೃಷಿಯೇ ಬೇಕಿತ್ತೆಂದು ನಾನು ಊಹಿಸುವುದೂ ಅವನ ಪರವಾಗಿ ನಾನೇ ಒಂದು ಆಪ್ಷನ್ ಒತ್ತಿದಂತೆ, ಆದ್ದರಿಂದ ಆ ಮಾತು ಅಷ್ಟಕ್ಕೇ ಬಿಡುತ್ತೇನೆ.

"ಹದಿನೆಂಟರ ಹುಡುಗನಿಗೆ ಏನು ಗೊತ್ತಾಗುತ್ತದೆ? ಇಂಜಿನಿಯರಿಂಗ್ ಮಾಡಿದರೆ ಅನ್ನಕ್ಕೆ ಮೋಸವಿಲ್ಲ" ಎನ್ನುತ್ತೀರಿ. ಮತ ಹಾಕಲು ಮತ್ತು ನನ್ನ ಬ್ಯಾಂಕಿನ ಸಾಲಪತ್ರಕ್ಕೆ ಸಹಿ ಹಾಕಲು ಸಾಕಾಗುವ ವಯಸ್ಸು ಇದಕ್ಕೆ ಮಾತ್ರ ಸಾಲದೇ? ಅನ್ನದ ಮಾತು ನಿಜ, ಹಲವರ ಮನೆ ಈ ಪದವಿಯಿಂದಲೇ ನಿಂತಿದೆ. ಆದರೆ ಕಾಲೇಜಿನ ಗೇಟಿನ ಫ್ಲೆಕ್ಸಿನಲ್ಲಿ ದೊಡ್ಡದಾಗಿ ಅಚ್ಚಾಗುವುದು ಒಬ್ಬ ವಿದ್ಯಾರ್ಥಿಯ ಗರಿಷ್ಠ ಸಂಬಳ. ಉಳಿದವರ ಸಂಬಳದ ಚೀಟಿ ನೋಡುವವಳು ನಾನು.

"ಸರ್ ಎಂ.ವಿ. ಹುಟ್ಟಿದ ನಾಡು ಕಣಮ್ಮ ಇದು" ಎಂದು ನಮ್ಮ ದೊಡ್ಡಪ್ಪ ಸೆಪ್ಟೆಂಬರ್ 15 ಬಂದಾಗಲೆಲ್ಲ ಹೇಳುತ್ತಾರೆ. ಆ ಮಹಾನುಭಾವರು ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಪಡೆದದ್ದು ಬಿ.ಎ. ಪದವಿ. ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದ್ದು ಆಮೇಲೆ, ಮೈಸೂರು ಸರ್ಕಾರದ ನೆರವಿನಿಂದ. ಇವತ್ತು ನಮ್ಮಲ್ಲಿ ಯಾರಾದರೂ ಮೊದಲು ಬಿ.ಎ. ಮಾಡುತ್ತೇನೆಂದರೆ ದೊಡ್ಡಪ್ಪನವರೇ ಆ ವಾರ ಊಟ ಬಿಡುತ್ತಾರೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳು ಬರುತ್ತವೆ. ನಾಲ್ಕನೆಯದನ್ನು ಒತ್ತಿದರೆ ಸೀಟನ್ನೂ ಮುಂದಿನ ಸುತ್ತುಗಳನ್ನೂ ಬಿಟ್ಟು ಹೊರಗೆ ಬಂದಂತೆ. ಅದನ್ನು ಒತ್ತುವ ಧೈರ್ಯ ಮಾಡಿದವರನ್ನು ನಾನಂತೂ ಎದುರಿಗೆ ಕಂಡಿಲ್ಲ. 1997ರಲ್ಲಿ ಅಪ್ಪನ ಜೊತೆ ಬೆಂಗಳೂರಿಗೆ ಹೋಗಿ ಕೌನ್ಸೆಲಿಂಗಿನ ಪರದೆಯ ಮುಂದೆ ಕುಳಿತಾಗ ನನಗೂ ಆ ಧೈರ್ಯ ಇರಲಿಲ್ಲ. ಅಪ್ಪ ಬೆರಳು ತೋರಿಸಿದರು, ನಾನು ತಲೆಯಾಡಿಸಿದೆ.

ಇಷ್ಟೆಲ್ಲ ಬರೆದು ಆ ತಂದೆಯನ್ನು ಕಟಕಟೆಯಲ್ಲಿ ನಿಲ್ಲಿಸಿದ ಮೇಲೆ, ಬರೆಯಬಾರದೆಂದುಕೊಂಡಿದ್ದನ್ನೂ ಬರೆಯಬೇಕಾಗುತ್ತದೆ. ಎರಡು ವರ್ಷದ ಹಿಂದೆ ನನ್ನ ಮಗಳ ಆಪ್ಷನ್ ಎಂಟ್ರಿಯನ್ನು ಕೊನೆಯ ದಿನದ ಹಿಂದಿನ ರಾತ್ರಿ ನಾನೇ ಕುಳಿತು ತುಂಬಿದೆ. ಎಪ್ಪತ್ತನಾಲ್ಕು ಆಯ್ಕೆಗಳು. ಅವಳು ಪಕ್ಕದ ಕೋಣೆಯಲ್ಲಿ ಮಲಗಿದ್ದಳು. ಎಬ್ಬಿಸುವ ಅಗತ್ಯವೂ ಬೀಳಲಿಲ್ಲ, ಒಟಿಪಿ ಬಂದದ್ದು ನನ್ನ ಮೊಬೈಲಿಗೆ.