ಓಡ್ತದಾ, ಯಾವ ರಿವಿಷನ್ನಾ?

ಕೇಂಬ್ರಿಜ್‌ನಲ್ಲಿ ಹಳೆಯ ಕಂಪ್ಯೂಟರಿನ ಮಾತು ತೆಗೆದರೆ ಎದುರಿನವರು ಮೊದಲು ಕೇಳುವುದು ‘ಯಾವ ರಿವಿಷನ್?’ ಅಂತ. ಮಂಗಳೂರಿನಲ್ಲಿ ಅದೇ ಮಾತು ತೆಗೆದರೆ ‘ಓಡ್ತದಾ?’ ಅಂತ. ನಾನು ಉಡುಪಿಯವನು. ಕೆಲಸ ಇಂಗ್ಲೆಂಡಿನಲ್ಲಿ, ಹುಚ್ಚು ಹಳೆಯ ಮಷೀನುಗಳದ್ದು. ರಜೆಗೆ ಊರಿಗೆ ಹೋದಾಗಲೆಲ್ಲ ರಿಪೇರಿ ಅಂಗಡಿ, ಗುಜರಿ ಅಂಗಡಿ ಸುತ್ತುತ್ತೇನೆ. ನೋಡ್ತಾ ನೋಡ್ತಾ ಅನಿಸಿದ್ದು ಇದು: ರಿವಿಷನ್ ಕೇಳುವ ಅಗತ್ಯ ಕೇಂಬ್ರಿಜ್‌ಗಿಂತ ನಮ್ಮ ಕರಾವಳಿಗೇ ಜಾಸ್ತಿ.

ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ ಪ್ರೋಗ್ರಾಮ್ ಮದರ್‌ಬೋರ್ಡಿನ ರೋಮ್ ಚಿಪ್‌ನಲ್ಲಿರುತ್ತದೆ. ತಪ್ಪು ಸಿಕ್ಕಿದ ಹಾಗೆ ಕಂಪನಿಗಳು ಅದನ್ನು ತಿದ್ದಿ, ಮುಂದಿನ ಮಷೀನುಗಳಿಗೆ ಹೊಸ ಚಿಪ್ ಹಾಕುತ್ತಿದ್ದವು. ಹೊರಗಿನ ಡಬ್ಬ ಅದೇ, ಒಳಗಿನ ಬುದ್ಧಿ ಬೇರೆ. ಹೀಗೆ ತಿದ್ದಿದ ಒಂದೊಂದು ಆವೃತ್ತಿಯೇ ರಿವಿಷನ್.

ಮಂಗಳೂರಿನ ಮೆಕ್ಯಾನಿಕ್ ಒಬ್ಬರು ನನಗೆ ಹೇಳಿದ್ದರು, ‘ರಿವಿಷನ್ ಗೊತ್ತಾಗಿ ಎಂತ ಮಾಡ್ಲಿಕ್ಕುಂಟು ಮಾರಾಯ್ರೆ, ಓಡಿದ್ರೆ ಆಯ್ತಲ್ಲ!’ ಆದರೆ ಓಡಬೇಕಾದರೂ ಅದು ಬೇಕು. 1981ರ ಐಬಿಎಂ ಪಿಸಿಯನ್ನೇ ನೋಡಿ. ಅದರ ಬಯಾಸ್‌ನಲ್ಲಿ, ಅಂದರೆ ಆನ್ ಆದ ಕೂಡಲೇ ಓಡುವ ಆ ಪ್ರೋಗ್ರಾಮಿನಲ್ಲಿ, ಮೂರು ರಿವಿಷನ್: 04/24/81, 10/19/81, 10/27/82. ಮೊದಲಿನ ಎರಡಕ್ಕೆ ಮದರ್‌ಬೋರ್ಡಿಗೆ ಸಿಕ್ಕಿಸುವ ಕಾರ್ಡುಗಳ ಮೇಲಿರುವ ರೋಮ್ ಚಿಪ್ಪನ್ನು ಹುಡುಕಲು ಬರುವುದಿಲ್ಲ. ಹಾಗಾಗಿ ಹಾರ್ಡ್ ಡಿಸ್ಕ್ ಕಾರ್ಡ್ ಹಾಕಿದರೂ ಮಷೀನಿಗೆ ಅದು ಕಾಣುವುದೇ ಇಲ್ಲ. ಮೂರನೆಯದಕ್ಕೆ ಕಾಣುತ್ತದೆ. ಇದು ಗೊತ್ತಿಲ್ಲದವರು ಒಳ್ಳೆಯ ಕಾರ್ಡನ್ನು ಕೆಟ್ಟಿದೆ ಅಂತ ಬಿಸಾಡುತ್ತಾರೆ.

ನೋಡುವುದು ಕಷ್ಟವೇನಲ್ಲ. ಆ ಕಾಲದ ಪಿಸಿಗಳ ಆಪರೇಟಿಂಗ್ ಸಿಸ್ಟಮ್ ಡಾಸ್‌ನಲ್ಲಿ ಡೀಬಗ್ ಅನ್ನುವ ಪ್ರೋಗ್ರಾಮ್ ತೆರೆದು ‘ಡಿ’ ಹೊಡೆದು, ಜಾಗ ಬಿಟ್ಟು ನಾಲ್ಕು ಎಫ್, ಕೋಲನ್, 5 ಅಂತ ಟೈಪ್ ಮಾಡಿದರೆ ಬಲಬದಿಯಲ್ಲಿ ತಾರೀಕು ಬರುತ್ತದೆ. ನಮ್ಮವರು ಎಡವುವುದು ತಾರೀಕಿನಲ್ಲೇ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಐಬಿಎಂನ ಮುಂದಿನ ಮಾದರಿ ಎಕ್ಸ್‌ಟಿಯ 11/08/82 ಅಂದರೆ ನವೆಂಬರ್ 8, ಆಗಸ್ಟ್ 11 ಅಲ್ಲ. ಅದರ ನಂತರದ ಎಟಿಯ 01/10/84 ಅಂದರೆ ಜನವರಿ 10. ಅದೇ ಕಾಲದ ಮನೆ ಕಂಪ್ಯೂಟರ್ ಕಮೋಡೋರ್ 64ರಲ್ಲಿ ಈ ತಲೆಬಿಸಿ ಇಲ್ಲ. ಅದರ ಬೇಸಿಕ್ ಭಾಷೆಯಲ್ಲಿ 65408ನೇ ವಿಳಾಸವನ್ನು ಪೀಕ್ ಮಾಡಿ (ಮೆಮೊರಿಯಲ್ಲಿ ಇಣುಕಿ) ಪ್ರಿಂಟ್ ಮಾಡಿಸಿದರೆ ಸಾಕು. 170 ಬಂದರೆ ಮೊದಲ ಕರ್ನಲ್ (ಅದರ ರೋಮ್‌ನಲ್ಲಿರುವ ಮೂಲ ಪ್ರೋಗ್ರಾಮ್), 0 ಬಂದರೆ ಎರಡನೆಯದು, 3 ಬಂದರೆ ಮೂರನೆಯದು.

ಚಿಪ್ಪಿನ ಬೆನ್ನ ಮೇಲೆ ಬರೆದದ್ದನ್ನೇ ಓದಿದರೆ ಆಗದಾ? ಇಂಗ್ಲೆಂಡಿನಲ್ಲಿ ಬಹಳ ಸಲ ಆಗುತ್ತದೆ. ಅಲ್ಲಿ ಸಿಗುವ ಎಷ್ಟೋ ಮಷೀನುಗಳನ್ನು ಫ್ಯಾಕ್ಟರಿ ಬಿಟ್ಟ ಮೇಲೆ ಯಾರೂ ಬಿಚ್ಚಿಲ್ಲ. ಕಂಪನಿಯ ಪಾರ್ಟ್ ನಂಬರ್ ಹಾಗೇ ಇರುತ್ತದೆ, ಪಟ್ಟಿ ತೆಗೆದು ಹೊಂದಿಸಿದರೆ ಮುಗಿಯಿತು. ನಮ್ಮಲ್ಲಿ ಆ ನಂಬಿಕೆ ಇಟ್ಟುಕೊಂಡರೆ ಕೆಟ್ಟಿರಿ. ಇಲ್ಲಿ ಚಿಪ್ ಹೋದರೆ ಕಂಪನಿಯಿಂದ ತರಿಸುತ್ತಾ ಕೂರುವವರಿಲ್ಲ. ಕೈಗೆ ಸಿಕ್ಕಿದ 2764 ಈಪ್ರಾಮ್ (ಅಳಿಸಿ ಮತ್ತೆ ಬರೆಯಬಹುದಾದ ರೋಮ್ ಚಿಪ್) ಒಂದಕ್ಕೆ ಬೇರೆ ಮಷೀನಿನ ಪ್ರೋಗ್ರಾಮ್ ತುಂಬಿಸಿ, ಮೇಲೊಂದು ಚೀಟಿ ಅಂಟಿಸಿ, ಬಾಲ್‌ಪೆನ್ನಿನಲ್ಲಿ ಏನೋ ಗೀಚಿ ಕೂರಿಸುತ್ತಾರೆ. ಮಳೆಗಾಲ ಎರಡು ದಾಟುವಷ್ಟರಲ್ಲಿ ಶಾಯಿ ಹೋಗಿರುತ್ತದೆ. ಚಿಪ್ಪಿನ ಮೇಲೆ 8431 ಅಂತ ಕಂಡರೆ ಅದು 1984ರ 31ನೇ ವಾರ. ಆದರೆ ಅದು ಚಿಪ್ ತಯಾರಾದ ವಾರ, ಒಳಗಿನ ಪ್ರೋಗ್ರಾಮಿನ ವಯಸ್ಸಲ್ಲ. ಈಪ್ರಾಮನ್ನು ಅಳಿಸಿ ಮತ್ತೆ ಬರೆಯಬಹುದಲ್ಲ! 1984ರ ಚಿಪ್‌ನಲ್ಲಿ 1988ರ ಪ್ರೋಗ್ರಾಮ್ ಇದ್ದರೆ ಆಶ್ಚರ್ಯ ಬೇಡ. ಹಾಗಾಗಿ ನಮ್ಮ ಕಡೆಯ ಮಷೀನುಗಳಲ್ಲಿ ಒಳಗಿರುವುದನ್ನೇ ಓದಬೇಕು, ಬೇರೆ ದಾರಿ ಇಲ್ಲ.

ಕರಾವಳಿ ಅಂದರೆ ಬ್ಯಾಂಕುಗಳ ತವರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ಕರ್ಣಾಟಕ, ವಿಜಯಾ, ಎಲ್ಲ ಇಲ್ಲೇ ಹುಟ್ಟಿದವು. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ 1984ರಲ್ಲಿ ಬಂದ ರಂಗರಾಜನ್ ಸಮಿತಿಯ ವರದಿಯ ನಂತರ ದೇಶದ ಬ್ಯಾಂಕ್ ಶಾಖೆಗಳಿಗೆ ಲೆಡ್ಜರ್ ಪೋಸ್ಟಿಂಗ್ ಮಷೀನುಗಳು, ಅಂದರೆ ಖಾತೆಯ ಲೆಕ್ಕ ಬರೆಯುವ ಮಷೀನುಗಳು, ಬಂದವು. ಕೆಲಸ ಮುಗಿದ ಮೇಲೆ ಇಂಥವು ಹೋಗುವ ದಾರಿ ಗೊತ್ತೇ ಇದೆಯಲ್ಲ. ಐಬಿಎಂ, ಕಮೋಡೋರ್‌ಗಳ ರೋಮ್ ಇವತ್ತು ಸಾವಿರ ಕಡೆ ಕಾಪಿ ಆಗಿ ಕೂತಿದೆ. ಇನ್ನೊಂದು ಕಾಪಿ ಸಿಕ್ಕದಿದ್ದರೂ ಜಗತ್ತು ಮುಳುಗುವುದಿಲ್ಲ. ಇಲ್ಲಿ ಜೋಡಿಸಿದ, ಇಲ್ಲೇ ತಿದ್ದಿದ ಮಷೀನಿನ ಚಿಪ್ ಕೆಜಿ ಲೆಕ್ಕದಲ್ಲಿ ಹೋದರೆ ಅದರೊಳಗೆ ಇದ್ದದ್ದು ಹೋದಂತೆಯೇ.

ಹಳೆಯದನ್ನು ಇಟ್ಟುಕೊಳ್ಳುವುದು ನಮಗೆ ಗೊತ್ತಿಲ್ಲ ಅಂತ ಬೈಯುವವರನ್ನು ನಾನು ಒಪ್ಪುವುದಿಲ್ಲ. ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಮರದ ಕಂಬಕ್ಕೆ ಅಷ್ಟು ಮರ್ಯಾದೆ ಕೊಟ್ಟ ಊರು ನಮ್ಮದು. ಪ್ಲಾಸ್ಟಿಕ್ ಡಬ್ಬ ನಮ್ಮ ಕಣ್ಣಿಗೆ ಇನ್ನೂ ಹಳೆಯದಾಗಿಲ್ಲ, ಅಷ್ಟೇ.

ಇಂಗ್ಲೆಂಡಿನವರದ್ದೂ ಪೂರ್ತಿ ಸರಿ ಅಲ್ಲ. ಹಳೆಯ ರಿಪೇರಿಯವನ ಈಪ್ರಾಮ್ ಕಂಡರೆ ಕೆಲವರಿಗೆ ಅಸಹ್ಯ. ಅದನ್ನು ಕಿತ್ತು, ಸರಿಯಾದ ವಾರದ ನಂಬರ್ ಇರುವ ಚಿಪ್ ಹುಡುಕಿ ಹಾಕಿ, ಈಗ ಒರಿಜಿನಲ್ ಆಯಿತು ಅಂತ ಬೀಗುತ್ತಾರೆ. ನನ್ನ ಪ್ರಕಾರ ಆಗಲೇ ಅದು ಒರಿಜಿನಲ್ ಅಲ್ಲದಾಗುವುದು. ಬಾಲ್‌ಪೆನ್ನಿನ ಚೀಟಿ ಇರುವ ಚಿಪ್ ಆ ಮಷೀನಿನ ಬದುಕಿನ ಭಾಗ. ಬೇಕಾದರೆ ಬೇರೆ ಚಿಪ್ ಹಾಕಿ ಓಡಿಸಲಿ, ಹಳೆಯದನ್ನು ಡಬ್ಬದ ಜೊತೆಯಲ್ಲೇ ಇಡಲಿ.

ಅಲ್ಲಿಯವರಿಗೆ ಇಲ್ಲದ ಒಂದು ಅಪಾಯ ನಮಗಿದೆ: ಬಿಸಿಲು. ಥಂಡಿ ಹಿಡಿದ ಯಾವ ಸಾಮಾನಾದರೂ ಅಂಗಳದಲ್ಲಿ ಒಣಗಿಸುವುದು ನಮ್ಮ ಅಭ್ಯಾಸ, ಹಪ್ಪಳದಿಂದ ಹಾಸಿಗೆಯವರೆಗೆ. ಮುಚ್ಚಳ ತೆಗೆದ ಕಂಪ್ಯೂಟರನ್ನೂ ಇಟ್ಟದ್ದನ್ನು ನೋಡಿದ್ದೇನೆ. ಈಪ್ರಾಮ್ ಚಿಪ್ಪಿನ ನಡುವೆ ಪುಟ್ಟ ಗಾಜಿನ ಕಿಟಕಿ ಇರುತ್ತದಲ್ಲ, ಅದು ಅಳಿಸುವುದಕ್ಕೇ ಇರುವುದು. ನೇರಳಾತೀತ ದೀಪದಲ್ಲಿ ಅಳಿಸಲು 15-20 ನಿಮಿಷ ಸಾಕು. ನೇರ ಬಿಸಿಲಿನಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟ್ ಕೆಳಗೆ ಸುಮಾರು ಮೂರು ವರ್ಷ ಅಂತ ಚಿಪ್ ಮಾಡಿದವರೇ ಬರೆದಿದ್ದಾರೆ. ಕಿಟಕಿಯ ಚೀಟಿ ಥಂಡಿಗೆ ಉದುರಿದ್ದರೆ ಮೊದಲು ಅದನ್ನು ಮುಚ್ಚಿ. ಗಟ್ಟಿ ಕಪ್ಪು ಟೇಪ್ ಆದರೂ ನಡೆಯುತ್ತದೆ.

ಚಿಪ್ಪನ್ನು ಕೂಡಲೇ ಕೀಳಲೂ ಬೇಡಿ. ಉಪ್ಪುಗಾಳಿಗೆ ಅದರ ಕಾಲುಗಳು ತುಕ್ಕು ಹಿಡಿದು ಲಡ್ಡಾಗಿರುತ್ತವೆ, ಸ್ಕ್ರೂ ಡ್ರೈವರ್ ಹಾಕಿ ಎತ್ತಿದರೆ ಮುರಿಯುತ್ತವೆ. ಮಷೀನ್ ಓಡುತ್ತಿದ್ದರೆ ಓಡುತ್ತಿರುವಾಗಲೇ ಒಳಗಿನದ್ದನ್ನು ಫೈಲ್ ಮಾಡಿಕೊಳ್ಳಿ. ಸತ್ತ ಮಷೀನ್ ಆದರೆ ಮಾತ್ರ ಮೆಲ್ಲ ತೆಗೆದು ಪ್ರೋಗ್ರಾಮರ್‌ನಲ್ಲಿ (ಚಿಪ್ ಓದುವ, ಬರೆಯುವ ಉಪಕರಣದಲ್ಲಿ) ಓದಿಸಿ. ಎರಡು ಸಲ ಓದಿಸಿ, ಎರಡೂ ಒಂದೇ ಬಂದರೆ ನಂಬಿ.

ಕೊನೆಗೆ ಒಂದು ಕೋರಿಕೆ. 1984-85ರಲ್ಲಿ ಶಾಲೆಗಳಲ್ಲಿ ಕಂಪ್ಯೂಟರ್ ಕಲಿಸುವ ಸರ್ಕಾರದ ಕ್ಲಾಸ್ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಕೊಟ್ಟದ್ದು ಬಿಬಿಸಿ ಮೈಕ್ರೋ ಕಂಪ್ಯೂಟರ್. ಅದು ಕೇಂಬ್ರಿಜ್‌ನ ಏಕಾರ್ನ್ ಕಂಪನಿಯದ್ದು. ಮೊಹಾಲಿಯ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಅದನ್ನು ಇಲ್ಲೇ ಜೋಡಿಸಿತ್ತು. ಉಡುಪಿಯದ್ದೋ ಮಂಗಳೂರಿನದ್ದೋ ಯಾವುದಾದರೂ ಶಾಲೆಯ ಕಪಾಟಿನಲ್ಲಿ ಇನ್ನೂ ಒಂದು ಇದ್ದರೆ ಸೀದಾ ಪ್ಲಗ್ ಹಾಕಬೇಡಿ. ಅದರ ಪವರ್ ಸಪ್ಲೈಯ ಹಳೆಯ ಕೆಪಾಸಿಟರ್‌ಗಳು ಒಡೆದು ದಟ್ಟ ಹೊಗೆ ಬಿಡುತ್ತವೆ, ಮೊದಲು ಅವನ್ನು ಬದಲಿಸಿ. ಆಮೇಲೆ ಆನ್ ಮಾಡಿ ನಕ್ಷತ್ರ ಚಿಹ್ನೆ, ಎಫ್‌ಎಕ್ಸ್, 0 ಅಂತ ಟೈಪ್ ಮಾಡಿ ರಿಟರ್ನ್ ಒತ್ತಿ. ಸ್ಕ್ರೀನಿನಲ್ಲಿ ರಿವಿಷನ್ ಬರುತ್ತದೆ. 0.10 ಬಂದರೆ ಅದು ತೀರಾ ಹಳೆಯದು, ಡಿಸ್ಕ್ ಡ್ರೈವ್‌ಗೆ ಸಾಲದು. ಹೆಚ್ಚಾಗಿ 1.20 ಬರುತ್ತದೆ. ಏನು ಬಂದರೂ ಒಂದು ಫೋಟೋ ತೆಗೆದು, ಚಿಪ್‌ಗಳದ್ದೂ ಒಂದು ತೆಗೆದು ಇಟ್ಟುಕೊಳ್ಳಿ. ಗುಜರಿಯವರಿಗೆ ಕೊಡುವುದೋ ಬೇಡವೋ ಆಮೇಲೆ ನೋಡುವಾ.