ವಾಸಕ್ಕೆ ಅಯೋಗ್ಯ, ತೆರಿಗೆಗೆ ಯೋಗ್ಯ

ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ ಗೋಡೆಗೆ ಎರಡು ಕಾಗದ ಅಂಟಿಸಿದ್ದಾರೆ. ಒಂದು, ಕಟ್ಟಡ ಶಿಥಿಲವಾಗಿದೆ, ವಾಸಕ್ಕೆ ಯೋಗ್ಯವಲ್ಲ, ಕೂಡಲೇ ಖಾಲಿ ಮಾಡತಕ್ಕದ್ದು. ಇನ್ನೊಂದು, ಇದೇ ಕಟ್ಟಡದ ಬಾಕಿ ತೆರಿಗೆಯನ್ನು ದಂಡಸಹಿತ ಕಟ್ಟತಕ್ಕದ್ದು. ಕಚೇರಿ ಒಂದೇ, ಅಂಟಿಸಿದ ಹುಡುಗನೂ ಒಬ್ಬನೇ. ತೆರಿಗೆ ಕಟ್ಟುವ ತನಕ ಬೀಳಬೇಡಿ ಎಂದು ಭಾವಾರ್ಥ.

ಊರಿಗೆಲ್ಲ ಇ-ಖಾತೆಯ, ಅಂದರೆ ಆಸ್ತಿಯ ಗಣಕೀಕೃತ ದಾಖಲೆಯ, ಜ್ವರ ಬಂದಾಗ ನಾವೂ ಅರ್ಜಿ ಹಿಡಿದು ಹೋದೆವು. ಜಾಗದ ಮೂಲ ಕಾಗದ ನಿಜಾಮನ ಕಾಲದ್ದು, ಉರ್ದುವಿನಲ್ಲಿದೆ. ಗುಮಾಸ್ತರು ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ಪರಿಶೀಲಿಸಿದರು. ಆಮೇಲೆ ಕ್ರಯಪತ್ರ ನೋಡಿ, ‘ಇದರಲ್ಲಿ ಗುಲ್ಬರ್ಗಾ ಎಂದಿದೆ, ಅರ್ಜಿಯಲ್ಲಿ ಕಲಬುರಗಿ ಎಂದಿದೆ. ಎರಡೂ ಒಂದೇ ಊರು ಎಂದು ಅಫಿಡವಿಟ್ ತನ್ನಿ ಸಾಹೇಬರೇ’ ಎಂದರು. 2014ರ ನವೆಂಬರ್ 1ರಂದು ಹೆಸರು ಬದಲಿಸಿದ್ದು ಸರ್ಕಾರ. ಛಾಪಾಕಾಗದದ ಖರ್ಚು ನಮ್ಮದು.

ಹಳೆಯ ಕಾಲದವರ ಪುಣ್ಯ ದೊಡ್ಡದು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಷಾ ಇಲ್ಲಿ ರಾಜಧಾನಿ ಮಾಡಿದ; ಯಾರೂ ನಕ್ಷೆ ಕೇಳಲಿಲ್ಲ. ಕೋಟೆಯೊಳಗಿನ ಜಾಮಿ ಮಸೀದಿ 1367ರದು, ನಡುವೆ ತೆರೆದ ಅಂಗಳವೇ ಇಲ್ಲದಂತೆ ಪೂರ್ತಿ ಮುಚ್ಚಿ ಕಟ್ಟಿದ್ದಾರೆ. ಇಂದಾಗಿದ್ದರೆ ಗಾಳಿ-ಬೆಳಕಿಗೆ ಜಾಗ ಬಿಟ್ಟಿಲ್ಲವೆಂದು ಅರ್ಜಿ ವಾಪಸು ಬರುತ್ತಿತ್ತು. ಮುಂದೆ ಅಹ್ಮದ್ ಷಾ ರಾಜಧಾನಿಯನ್ನೇ ಬೀದರಿಗೆ ಒಯ್ದನಲ್ಲ, ಹೋಗುವಾಗ ನೀರಿನ ಕರ ಬಾಕಿ ಇಲ್ಲವೆಂಬ ಪತ್ರ ಪಡೆದಿದ್ದನೇ?

ನಮ್ಮ ಮಾಲೀಕರ ವಂಶಾವಳಿಯೂ ಬಹಮನಿಗಳದ್ದಕ್ಕೆ ಕಡಿಮೆಯಿಲ್ಲ. ಜಾಗದ ಯಜಮಾನರು ತೀರಿಕೊಂಡರು, ಆರು ಮಕ್ಕಳು ಕೋರ್ಟಿಗೆ ಹೋದರು, ಬಿಲ್ಡರ್ ಹೈದರಾಬಾದಿಗೆ ಹೋದ. 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಂತೆ ನೋಂದಾಯಿಸಬೇಕಾದ, ಎಲ್ಲರಿಗೂ ಸೇರಿದ ಜಾಗ ಯಾವುದು ಎಂದು ಹೇಳುವ ಘೋಷಣಾ ಪತ್ರವನ್ನು ಅವನು ನೋಂದಾಯಿಸಲೇ ಇಲ್ಲ. ತಾರಸಿ ಎಲ್ಲರದ್ದೂ ಎಂದು ನಂಬಿ ನಾವು ಅಲ್ಲಿ ಸಂಡಿಗೆ ಒಣಗಿಸುತ್ತೇವೆ. ಅಲ್ಲಿರುವ ಮೊಬೈಲ್ ಟವರಿನ ಬಾಡಿಗೆ ಮಾತ್ರ ಯಜಮಾನರ ಎರಡನೇ ಮಗನಿಗೆ ಹೋಗುತ್ತದೆ. ಮನುಷ್ಯರಿಗೆ ಅಯೋಗ್ಯವಾದ ಕಟ್ಟಡ ಟವರಿಗೆ ಹೇಗೆ ಯೋಗ್ಯ ಎಂದು ಕೇಳಿದೆ. ಅದು ಬೇರೆ ವಿಭಾಗವಂತೆ.

ಎರಡನೇ ಮಹಡಿಯಲ್ಲಿ ಒಬ್ಬ ಮುದುಕಿ ಇದ್ದಾರೆ. ಅವರ ಅಡುಗೆಮನೆಯ ಸೂರಿನಲ್ಲಿ ಸಿಮೆಂಟು ಹಪ್ಪಳದಂತೆ ಎದ್ದಿದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಣುತ್ತದೆ. ಒಲೆಯನ್ನು ಬಾಗಿಲ ಬಳಿಗೆ ಸರಿಸಿಕೊಂಡು ರೊಟ್ಟಿ ಬಡಿಯುತ್ತಾರೆ. ಖಾಲಿ ಮಾಡಿ ಎಂದರೆ ಎಲ್ಲಿಗೆ ಹೋಗಬೇಕು? ನೋಟಿಸಿನಲ್ಲಿ ಅದಕ್ಕೊಂದು ಸಾಲಿಲ್ಲ. ದುರಸ್ತಿ ಮಾಡಿಸೋಣವೆಂದರೆ ಅನುಮತಿಗೆ ಖಾತೆ ಬೇಕು, ಖಾತೆಗೆ ಮಾಲೀಕರು ಬೇಕು, ಮಾಲೀಕರು ಕೋರ್ಟಿನಲ್ಲಿದ್ದಾರೆ. ಬಿದ್ದ ದಿನ ಮಾತ್ರ ಎಲ್ಲ ವಿಭಾಗದವರೂ ಒಟ್ಟಿಗೆ ಬರುತ್ತಾರೆ, ಪರಿಹಾರದ ಚೆಕ್ಕಿನೊಡನೆ. ಥೂ.

ಮೊನ್ನೆಯ ಮಳೆಗೆ ಗೋಡೆಯ ಗಾರೆ ಉದುರಿ, ಖಾಲಿ ಮಾಡಿ ಎಂಬ ನೋಟಿಸೂ ಜೊತೆಗೆ ಬಿತ್ತು. ಕೆಳಮನೆಯವರು ಓಡಿಬಂದು ಎತ್ತಿ, ಒರೆಸಿ, ಲ್ಯಾಮಿನೇಟ್ ಮಾಡಿಸಿಟ್ಟಿದ್ದಾರೆ. ತೆರಿಗೆಯ ಕಾಗದ ಸತ್ತವರ ಹೆಸರಿಗಿದೆ. ನಮ್ಮ ಕಟ್ಟಡದ ಹೆಸರಿನ ಮೇಲೆ ಸರ್ಕಾರಿ ಮೊಹರು ಬಿದ್ದಿರುವುದು ಈ ನೋಟಿಸಿನಲ್ಲಿ ಮಾತ್ರ. ಸೋಮವಾರ ಅದನ್ನೇ ಇ-ಖಾತೆಯ ಅರ್ಜಿಗೆ ಲಗತ್ತಿಸುತ್ತಿದ್ದೇವೆ.