ಹೆಬ್ಬೆಟ್ಟಿನ ಗುರುತು

ನಿನ್ನೆ ಸಂಜೆ ನನ್ನ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಒಂದು ಹೆಬ್ಬೆಟ್ಟು ಬಿದ್ದಿತು. ಗೆರೆಗಳನ್ನು ಎಣಿಸಬಹುದು, ಅಷ್ಟು ಸ್ಪಷ್ಟ. ಒತ್ತಿದವರಿಗೆ ಸಹಿ ಹಾಕಲು ಚೆನ್ನಾಗಿಯೇ ಬರುತ್ತದೆ. ಅವರು ನನ್ನ ಅಪ್ಪ.

ಹಾಡಿನ ದನಿ ಹೆಚ್ಚಿಸುವ, ಗಾಜಿನ ವಾಲ್ವ್ ಇದ್ದ ಹಳೆಯ ಆಂಪ್ಲಿಫೈಯರ್‌ಗಳನ್ನು ಕಂಡವರಿಗೆ ಆ ಕಪ್ಪು ಬಣ್ಣ ನೆನಪಿರುತ್ತದೆ. ಒಣದ್ರಾಕ್ಷಿಯ ಮೈಯಂತೆ ಸಣ್ಣ ಸಣ್ಣ ಸುಕ್ಕು. ರಿಂಕಲ್ ಪೇಂಟ್ ಎನ್ನುತ್ತಾರೆ. ಹಿಂದೆ ಟಂಗ್ ಮರದ ಬೀಜದ ಎಣ್ಣೆಯಿಂದ ಮಾಡುತ್ತಿದ್ದರಂತೆ. ಮೇಲಿನ ಪದರ ಅವಸರದಲ್ಲಿ ಗಟ್ಟಿಯಾಗುತ್ತದೆ, ಒಳಗಿನದು ಹಸಿಯಾಗಿಯೇ ಇರುತ್ತದೆ. ಮೇಲಿನದು ಹಿಗ್ಗಿ, ಜಾಗ ಸಾಲದೆ ಮಡಚಿಕೊಳ್ಳುತ್ತದೆ. ತಗಡಿನ ಗೀರು, ಬೆಸುಗೆಯ ಕಲೆ ಎಲ್ಲವೂ ಅದರಡಿ ಮಾಯ. ಬೆರಳ ಗುರುತೂ ಕಾಣುವುದಿಲ್ಲ. ಒಣಗಿದ ಮೇಲೆ, ಅಷ್ಟೇ.

ನನ್ನ ಪೆಟ್ಟಿಗೆಯ ಹಳೆಯ ಬಣ್ಣ ಉಜ್ಜಿ ತೆಗೆದು, ಅದೇ ಬಣ್ಣವನ್ನು ಹೊಸದಾಗಿ ಬಳಿಯಲು ಹೊರಟೆ. ಮೊದಲ ಸಲ ತೆಳುವಾಗಿ, ಅಂದವಾಗಿ ಬಳಿದೆ. ಮುಖದ ಮೇಲೆ ಕರೆಯದೆ ಬರುವ ಸುಕ್ಕು ಇಲ್ಲಿ ಒಂದೂ ಬರಲಿಲ್ಲ. ಈ ಬಣ್ಣಕ್ಕೆ ಜಿಪುಣತನ ಆಗದು. ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ, ಓರೆಯಾಗಿ ಒಮ್ಮೆ, ಐದೈದು ನಿಮಿಷ ಬಿಟ್ಟು ದಪ್ಪಗೆ ಹೊಡೆಯಬೇಕು. ಎರಡನೆಯ ಸಲ ಹಾಗೆಯೇ ಹೊಡೆದು, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದೆ. ಬಣ್ಣವೆಲ್ಲ ಕಣ್ಣೀರಿನಂತೆ ಇಳಿಯಿತು. ಮೂರನೆಯ ಸಲ ಮಲಗಿಸಿ ಬಳಿದು, ಸ್ವಲ್ಪ ಹೊತ್ತು ಬಿಟ್ಟು ಹೇರ್ ಡ್ರೈಯರ್ ಹಿಡಿದೆ. ಬಿಸಿ ತಾಗಿದರೆ ಸುಕ್ಕು ಬೇಗ ಏಳುತ್ತದೆ, ಸಣ್ಣದಾಗಿಯೂ ಏಳುತ್ತದೆ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಒಂದು ಮೂಲೆ ನಡುಗಿದಂತಾಗಿ, ನೋಡನೋಡುತ್ತಿದ್ದಂತೆ ಇಡೀ ಮೈ ನೆರಿಗೆಗಟ್ಟಿತು. ಕೂಗಬೇಕೆನಿಸಿತು. ಕೂಗಿದೆ. ತಪ್ಪಾದದ್ದು ಅಲ್ಲಿಯೇ.

ಅಪ್ಪ ಬಂದರು. ಹಸಿ ಬಣ್ಣ ಕಂಡರೆ ಅಪ್ಪನ ಬೆರಳು ತಡೆಯದು. ಗೇಟಿಗೆ ಬಳಿದಾಗ ಮುಟ್ಟಿದ್ದಾರೆ, ಕಿಟಕಿಗೆ ಬಳಿದಾಗ ಮುಟ್ಟಿದ್ದಾರೆ. 'ಹಸಿ ಬಣ್ಣ, ಮುಟ್ಟಬೇಡಿ' ಎಂದು ಬರೆದು ಅಂಟಿಸಿದರೆ, ಅದು ನಿಜವೇ ಎಂದು ಪರೀಕ್ಷಿಸುತ್ತಾರೆ. ಮುಟ್ಟುವ ಕ್ರಮವೂ ಒಂದೇ: ಮೊದಲು ಬಗ್ಗಿ ನೋಡುವುದು, ತಲೆಯಾಡಿಸುವುದು, ನಾವು ನಿಟ್ಟುಸಿರು ಬಿಡುವಷ್ಟರಲ್ಲಿ ಒತ್ತುವುದು. ಆಮೇಲೆ ಬೆರಳನ್ನು ಮೂಸಿ, ಗೋಡೆಗೆ ಒರೆಸಿ, ನನಗೇ ಸುದ್ದಿ ಮುಟ್ಟಿಸುತ್ತಾರೆ: "ಇನ್ನೂ ಒಣಗಿಲ್ಲ ಕಣೋ."

ಗದರಿದೆ. "ನೋಡಬಾರದೇ?" ಎಂದರು. ನೋಡುವುದು ಕಣ್ಣಿನಿಂದ ಎಂದು ಈ ವಯಸ್ಸಿನಲ್ಲಿ ಅವರಿಗೆ ಹೇಗೆ ಹೇಳುವುದು!

ಹಳೆಯ ಬಣ್ಣವನ್ನು ಎಮರಿ ಕಾಗದದಿಂದ ಉಜ್ಜುವಾಗ, ವಾಲ್ಯೂಮ್ ಗುಂಡಿಯ ಮೇಲ್ಗಡೆ ಅಂಚಿನಲ್ಲಿ ಒಂದು ಕಡೆ ಸುಕ್ಕೆಲ್ಲ ಸವೆದು ನುಣುಪಾಗಿತ್ತು. ಎಡಗೈ ಹೆಬ್ಬೆರಳಿನಿಂದ ಪೆಟ್ಟಿಗೆಯನ್ನು ಜಾರದಂತೆ ಒತ್ತಿ ಹಿಡಿದು, ಬಲಗೈಯಲ್ಲಿ ಅಪ್ಪ ಗುಂಡಿ ತಿರುಗಿಸುತ್ತಿದ್ದ ಜಾಗ. ರಾತ್ರಿ ನಾನು ಮಲಗಿದ ಮೇಲೆ ದನಿ ತಗ್ಗಿಸುತ್ತಿದ್ದರು. ಆದರೂ ಹಾಡು ಕೇಳಿಸುತ್ತಿತ್ತು. ಉಜ್ಜಿ ಮುಗಿಸಿದ ಮೇಲೆ ಇದೆಲ್ಲ ಹೊಳೆಯಿತು. ಹತ್ತು ನಿಮಿಷದ ಕೆಲಸ.

ಈಗಿನ ಹೆಬ್ಬೆಟ್ಟು ಅಲ್ಲಿಯೇ ಬಿದ್ದಿದ್ದರೆ ಹಾಗೆಯೇ ಬಿಟ್ಟುಬಿಡುತ್ತಿದ್ದೆನೋ ಏನೋ. ಬಿದ್ದಿರುವುದು ನಟ್ಟನಡುವೆ.

ಹಾಗಾಗಿ ಥಿನ್ನರ್‌ನಿಂದ ಎಲ್ಲ ಒರೆಸಿ ನಾಲ್ಕನೆಯ ಸಲ ಬಳಿದಿದ್ದೇನೆ. ಬಾಗಿಲು ಹಾಕಿದರೆ ಬಣ್ಣದ ವಾಸನೆಗೆ ನಾನು ಬೀಳುತ್ತೇನೆ. ತೆರೆದಿಟ್ಟರೆ ಅಪ್ಪ ಬರುತ್ತಾರೆ. ತೆರೆದೇ ಇಟ್ಟು ಹೊಸ್ತಿಲಲ್ಲಿ ಕಾವಲು ಕುಳಿತಿದ್ದೇನೆ. ಆಗಲೇ ಎರಡು ಸಲ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಣಗಿತೇ ಎಂದು ಕೇಳಿ ಹೋದರು.